ತುಮಕೂರು ಸೀಮೆಯ ಪಟ್ಟಣಗಳಲ್ಲಿ ಜಲವೂ ಜನಾರೋಗ್ಯವೂ

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ತಾಮ್ರಶಾಸನವು ಇತಿಹಾಸಾಸಕ್ತರಿಗೆ ಸುಪರಿಚಿತವಾದುದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನ ಹೆಸರಿನಲ್ಲಿ ಹೊರಟ ಈ ಶಾಸನವು ಶಕವರ್ಷ 735ರದು, ಎಂದರೆ ಕ್ರಿ. ಶ. 812ರ ಸುಮಾರಿನದೆಂದು ಹೇಳಿಕೊಳ್ಳುತ್ತದೆ. ಕುನುಂಗಿಲ್ ದೇಶವನ್ನು ಆಳುತ್ತಿದ್ದ ವಿಮಲಾದಿತ್ಯನೆಂಬವನಿಗೆ ಶನಿಯ ಪೀಡೆ ತಗುಲಿತ್ತು. ಅರ್ಕಕೀರ್ತಿಯೆಂಬ ಜೈನಮುನಿಯು ಅದನ್ನು ಪರಿಹರಿಸಿದನು. ಆ ಉಪಕಾರಕ್ಕಾಗಿ, ಚಾಕಿರಾಜನ ಬಿನ್ನಹದ ಮೇರೆಗೆ, ಜಾಲಮಂಗಲವೆಂಬ ಗ್ರಾಮವು ಜಿನಾಲಯಕ್ಕೆ ದತ್ತಿಯಾಯಿತು. ಆ ಕುನುಂಗಿಲ್ ಎಂಬುದೇ ಇಂದಿನ ಕುಣಿಗಲ್ಲು.

ಒಬ್ಬ ಅಧಿಪತಿಯ ಪೀಡೆ ಕಳೆದುದಕ್ಕೆ ಒಂದು ಊರೇ ಕಾಣಿಕೆಯಾಯಿತು. ಅದು ತಾಮ್ರದ ಮೇಲೆ ಉಳಿದು ಹನ್ನೆರಡು ಶತಮಾನಗಳ ಬಳಿಕ ನಮ್ಮ ಕಣ್ಣಿಗೂ ಬಿದ್ದಿತು. ಆ ವರ್ಷ ಅದೇ ನಾಡಿನ ಒಕ್ಕಲಿಗೆ ಬಂದ ಜ್ವರವೆಷ್ಟು, ಕುಂಬಾರನ ಮನೆಯಲ್ಲಿ ಸತ್ತ ಕೂಸುಗಳೆಷ್ಟು ಎಂಬುದನ್ನು ಯಾವ ತಾಮ್ರವೂ ಹೇಳುವುದಿಲ್ಲ. ಆರೋಗ್ಯದ ಇತಿಹಾಸವನ್ನು ಬರೆಯಹೊರಟವರಿಗೆ ಎದುರಾಗುವ ಮೊದಲನೆಯ ವೈಷಮ್ಯವೇ ಇದು: ಕಾಯಿಲೆಯಲ್ಲಿ ಭೇದವಿರುವುದು ಹಾಗಿರಲಿ, ಕಾಯಿಲೆಯ ದಾಖಲೆಯಲ್ಲಿಯೇ ಭೇದವುಂಟು.

ಇಂತಹ ಸಮಷ್ಟಿ ರೋಗಗಳ ವಿಚಾರವನ್ನು ನಮ್ಮ ಪ್ರಾಚೀನರು ಮಾಡದೆ ಇರಲಿಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸನವೆಂಬ ಅಧ್ಯಾಯವೊಂದಿದೆ. ಪಾಂಚಾಲದೇಶದ ಕಾಂಪಿಲ್ಯದಲ್ಲಿ, ಗಂಗಾತೀರದಲ್ಲಿ, ಪುನರ್ವಸು ಆತ್ರೇಯನಿಗೂ ಶಿಷ್ಯನಾದ ಅಗ್ನಿವೇಶನಿಗೂ ನಡೆದ ಸಂವಾದವದು. ಮನುಷ್ಯರ ಪ್ರಕೃತಿ, ಆಹಾರ, ಬಲ, ವಯಸ್ಸುಗಳು ಬೇರೆಬೇರೆಯಾಗಿರಲು ಒಂದೇ ರೋಗವು ಏಕಕಾಲದಲ್ಲಿ ಇಡೀ ಜನಪದವನ್ನು ಹೇಗೆ ನಾಶಮಾಡುವುದೆಂದು ಶಿಷ್ಯನ ಶಂಕೆ. ಗುರುವಿನ ಸಮಾಧಾನವೇನೆಂದರೆ, ವಾಯು, ಜಲ, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಾಮಾನ್ಯವಾದುವು. ಇವು ಕೆಟ್ಟಾಗ ಎಲ್ಲರೂ ಕೆಡುತ್ತಾರೆ. ಆಳುವವರ ಅಧರ್ಮವೇ ಈ ಕೇಡಿನ ಮೂಲವೆಂದೂ ಅಲ್ಲಿ ಹೇಳಿದೆ. ಸಿದ್ಧಾಂತವೇನೋ ಗಂಭೀರವಾದುದೇ. ಆದರೆ ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಚರಿತ್ರೆಯನ್ನು ಕೆದಕಿ ನೋಡಿದರೆ ಈ ನಾಲ್ಕೂ ನಿಜವಾಗಿ ಎಲ್ಲರಿಗೂ ಸಾಮಾನ್ಯವಾಗಿದ್ದವೇ ಎಂಬ ಶಂಕೆ ಅಗ್ನಿವೇಶನ ಶಂಕೆಗಿಂತಲೂ ಬಲವಾಗಿ ಏಳುತ್ತದೆ.

ಮೊದಲು ದೇಶದ ಸ್ವರೂಪವನ್ನು ಅರಿಯಬೇಕು. ತುಮಕೂರಿನ ಸಮೀಪದ ದೇವರಾಯನದುರ್ಗದ ಬೆಟ್ಟಗಳಲ್ಲಿ ಎರಡು ಹೊಳೆಗಳು ಹುಟ್ಟುತ್ತವೆ. ಜಯಮಂಗಲಿಯು ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುವುದು. ಶಿಂಷೆಯು ಗುಬ್ಬಿ ಸೀಮೆಯ ಕಡಬದ ಮೇಲೆ ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಮೂಲಕ ದಕ್ಷಿಣಕ್ಕಿಳಿದು ಕಾವೇರಿಯನ್ನು ಸೇರುವುದು. ಹೀಗೆ ಎರಡು ಮಹಾನದಿಗಳ ಜಲಾನಯನಗಳು ಬೇರ್ಪಡುವ ದಿಣ್ಣೆಯ ಮೇಲೆ ಕುಳಿತ ಪಟ್ಟಣಕ್ಕೆ ವರ್ಷವಿಡೀ ಹರಿಯುವ ಹೊಳೆಯೆಂಬುದಿಲ್ಲ. ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡರೆ ಉಂಟು, ಬಿಟ್ಟರೆ ಇಲ್ಲ. ಆದುದರಿಂದಲೇ ಈ ಸೀಮೆಯ ಊರುಗಳಿಗೆ ಕೆರೆಯೇ ತಾಯಿಯಾಯಿತು. ಕಡಬದ ಕೆರೆಯನ್ನು ಶ್ರೀರಾಮನೇ ಕಟ್ಟಿಸಿದನೆಂದು ಸ್ಥಳಪುರಾಣವು ಹೇಳುತ್ತದೆ. ಕುಣಿಗಲ್ಲಿನ ದೊಡ್ಡಕೆರೆಯನ್ನು ಕುರಿತ ಜನಪದಗೀತವನ್ನು ಕೇಳದ ಕನ್ನಡಿಗರಿಲ್ಲ. ತುಮಕೂರಿನ ಕೆರೆಗೆ ಅಮಾನಿಕೆರೆಯೆಂಬ ಹೆಸರಿದೆ. ಗುತ್ತಿಗೆಗೆ ಕೊಡದೆ ಸರ್ಕಾರವೇ ನೇರವಾಗಿ ನಡೆಸುವುದಕ್ಕೆ ಅಮಾನಿಯೆಂದು ಹಿಂದಿನ ಕಂದಾಯದ ಪರಿಭಾಷೆ. ಒಂದು ಕೆರೆಗೆ ದೇವರು, ಒಂದಕ್ಕೆ ಹಾಡು, ಇನ್ನೊಂದಕ್ಕೆ ಸರ್ಕಾರ!

ಕೆರೆಯು ಊರಿನದೆಂದರೆ ಊರಿನಲ್ಲಿರುವ ಎಲ್ಲರದೂ ಎಂದು ಅರ್ಥವಾಗುತ್ತಿರಲಿಲ್ಲ. ಸಿಹಿನೀರಿನ ಬಾವಿ ಊರೊಳಗೆ, ಅಗ್ರಹಾರದಲ್ಲಿಯೋ ಗುಡಿಯ ಮಗ್ಗುಲಲ್ಲಿಯೋ ಇರುವುದು. ಅಸ್ಪೃಶ್ಯರೆಂದು ಹೊರಗಿಟ್ಟ ಜನರ ಕೇರಿ ಊರಾಚೆಗೆ, ಬಹುಮಟ್ಟಿಗೆ ತಗ್ಗಿನಲ್ಲಿ. ಮೇಲಿನ ಬೀದಿಗಳ ಬಚ್ಚಲುನೀರು ಇಳಿದುಹೋಗುವ ದಾರಿಯೂ ಅದೇ ತಗ್ಗು. ಮೇಲ್ಜಾತಿಯವರು ನೀರು ಸೇದಿ ಕೊಡದಲ್ಲಿ ಹೊಯ್ಯುವವರೆಗೂ ಬಾವಿಯಿಂದ ದೂರ ನಿಂತು ಕಾಯಬೇಕು. ಕಾಯಲಾರದಿದ್ದರೆ ದನ ಕುಡಿಯುವ ಕುಂಟೆಯೇ ಗತಿ. ವಿಷೂಚಿಕೆಯ ಬೀಜವು ಕುಡಿಯುವ ನೀರಿನಲ್ಲಿ ಸೇರಿ ಬರುವುದೆಂದು ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲಿ ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪನ್ನು ತೋರಿಸಿ ಸಾಧಿಸಿದನು. ಆ ಪಂಪಿನ ಹಿಡಿಯನ್ನು ಕಳಚಿದ ಕಥೆ ವಿಶ್ವವಿಖ್ಯಾತವಾಯಿತು. ನಮ್ಮ ಊರುಗಳಲ್ಲಿ ಬಾವಿಯ ಹಗ್ಗವನ್ನು ಒಂದು ಪಾಲು ಜನರ ಕೈಯಿಂದ ಶತಮಾನಗಳ ಹಿಂದೆಯೇ ಕಳಚಿಟ್ಟಿದ್ದರು. ಅದು ಒಳ್ಳೆಯ ನೀರಿನ ಹಗ್ಗವಾಗಿತ್ತೆಂಬುದಷ್ಟೇ ವ್ಯತ್ಯಾಸ.

ಸ್ನೋಗಿಂತ ಮೊದಲೇ, 1842ರಲ್ಲಿ, ಎಡ್ವಿನ್ ಚಾಡ್ವಿಕ್ ಎಂಬ ಅಧಿಕಾರಿಯು ಇಂಗ್ಲೆಂಡಿನ ದುಡಿಯುವ ಜನರ ನೈರ್ಮಲ್ಯಸ್ಥಿತಿಯನ್ನು ಕುರಿತು ಒಂದು ದೊಡ್ಡ ವರದಿಯನ್ನು ಪ್ರಕಟಿಸಿದನು. ಮ್ಯಾಂಚೆಸ್ಟರ್ ನಗರದಲ್ಲಿ ಸತ್ತವರ ಸರಾಸರಿ ವಯಸ್ಸು ಶ್ರೀಮಂತ ಮನೆತನಗಳಲ್ಲಿ 38 ವರ್ಷ, ಕೂಲಿಕಾರರಲ್ಲಿ 17 ವರ್ಷ. ರಟ್‌ಲೆಂಡ್ ಎಂಬ ಗ್ರಾಮಾಂತರ ಸೀಮೆಯಲ್ಲಿ ಇವೇ ಅಂಕಿಗಳು 52 ಮತ್ತು 38. ಹಳ್ಳಿಯ ಕೂಲಿಕಾರನು ಮಹಾನಗರದ ಸಾಹುಕಾರನಷ್ಟು ಬದುಕುತ್ತಿದ್ದನೆಂದಾಯಿತು! ವಂಶವಲ್ಲ, ವಾಸಸ್ಥಾನ, ವಾಸಸ್ಥಾನದೊಳಗೂ ಕೇರಿ, ಇವು ಆಯುಸ್ಸನ್ನು ಕತ್ತರಿಸುತ್ತವೆಯೆಂಬುದು ಅಂಕಿಗಳ ರೂಪದಲ್ಲಿ ಪ್ರಕಟವಾಯಿತು. ಚಾಡ್ವಿಕ್ಕನು ರೋಗವು ದುರ್ಗಂಧದಿಂದ ಹುಟ್ಟುವುದೆಂದು ನಂಬಿದ್ದನು. ಕಾರಣ ತಪ್ಪಾಗಿದ್ದರೂ ಅವನು ಸೂಚಿಸಿದ ಚರಂಡಿಯೂ ಕೊಳಾಯಿಯೂ ಸರಿಯಾಗಿಯೇ ಇದ್ದವು. ಶಾಸ್ತ್ರಚರಿತ್ರೆಯಲ್ಲಿ ಇಂತಹ ಶುಭವಾದ ತಪ್ಪುಗಳು ಆಗಾಗ ಕಂಡುಬರುತ್ತವೆ.

ಮೈಸೂರು ಸೀಮೆಯಲ್ಲಿ ಕಾಲವು ಕೆಟ್ಟುದನ್ನು ಹೇಳುವಾಗ 1876-78ರ ಕ್ಷಾಮವನ್ನು ಬಿಡಲಾಗದು. 1871ರ ಜನಗಣತಿಯಲ್ಲಿ 50 ಲಕ್ಷದ ಮೇಲಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತು. ತುಮಕೂರು ಜಿಲ್ಲೆಯು ಅತಿಯಾಗಿ ನೊಂದ ಭಾಗಗಳಲ್ಲೊಂದು. ಮಳೆ ಹೋದುದು ಎಲ್ಲರಿಗೂ ಸಮವೇ. ಹಗೇವಿನಲ್ಲಿ ರಾಗಿ ಇದ್ದವನಿಗೂ ದಿನಗೂಲಿಯವನಿಗೂ ಹಸಿವು ಸಮವಾಗಲಿಲ್ಲ. ಹಸಿದ ದೇಹವನ್ನು ವಿಷೂಚಿಕೆಯೂ ಜ್ವರವೂ ಸುಲಭವಾಗಿ ಹಿಡಿದವು.

ಕ್ಷಾಮದ ಬಳಿಕ ಬಂದುದು ಉಗಿಬಂಡಿ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲುಮಾರ್ಗ ತೆರೆಯಿತು. ಗುಬ್ಬಿಯನ್ನು ಹಾದು 1889ರ ವೇಳೆಗೆ ಅದು ಹರಿಹರದ ಕಡೆಯಿಂದ ಬಂದ ಮಾರ್ಗವನ್ನು ಕೂಡಿಕೊಂಡಿತು. ಗುಬ್ಬಿಯು ಮೊದಲಿನಿಂದಲೂ ವ್ಯಾಪಾರದ ಊರು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಲ್ಲಿಯ ಸಂತೆಯನ್ನೂ ಅಡಕೆಯ ವ್ಯಾಪಾರವನ್ನೂ ಗಮನಿಸಿ ಬರೆದಿರುವನು. ರೈಲು ಬಂದ ಮೇಲೆ ಅಡಕೆ, ಕೊಬ್ಬರಿ, ಧಾನ್ಯಗಳು ದೂರದೂರಕ್ಕೆ ಹೋಗತೊಡಗಿದವು. ಕ್ಷಾಮ ಬಂದರೆ ಧಾನ್ಯವು ಬೇಗ ಬಂದು ಮುಟ್ಟುವುದೆಂಬ ಆಶೆಯೂ ಹುಟ್ಟಿತು. ಅದೇ ಹಳಿಗಳ ಮೇಲೆ ಇನ್ನೊಂದು ಅತಿಥಿಯೂ ಬರುವುದೆಂದು ಆಗ ಯಾರೂ ಎಣಿಸಿರಲಿಲ್ಲ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಯ ದಾರಿಯಾಗಿ 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ನಡುವೆ ಇದ್ದುದು ಇದೇ ಮಾರ್ಗ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಗಳಾಗಿದ್ದ ಕಾಲ. ದಿವಾನರು ಶೇಷಾದ್ರಿ ಅಯ್ಯರವರು. ಪ್ಲೇಗಿನ ಕಾರ್ಯಕ್ಕೆ ವಿ. ಪಿ. ಮಾಧವರಾಯರನ್ನು ಕಮಿಷನರನ್ನಾಗಿ ನೇಮಿಸಿದರು. ರೈಲುನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ರೋಗಿಗಳ ಪ್ರತ್ಯೇಕವಾಸ, ಮನೆಗಳ ಹೆಂಚು ತೆಗೆದು ಬಿಸಿಲು ಬಿಡುವುದು, ಹಾಫ್ಕಿನನ ಚುಚ್ಚುಮದ್ದು, ಇವೆಲ್ಲ ಆಗಿನ ಉಪಾಯಗಳು. ಇಲಿಯ ಮೈಮೇಲಿನ ಚಿಗಟವೇ ರೋಗವಾಹಕವೆಂದು ಅದೇ 1898ರಲ್ಲಿ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿಕೊಟ್ಟಿದ್ದನು; ಆದರೆ ವಿದ್ವಾಂಸರು ಅದನ್ನು ಒಪ್ಪಲು ಹಲವು ವರ್ಷಗಳೇ ಹಿಡಿದವು.

ಪ್ಲೇಗಿನ ಕಾಲದಲ್ಲಿ ಊರು ಬಿಡುವುದೆಂಬ ಮಾತು ಹಳೆಯ ಮೈಸೂರಿನ ಮನೆಮನೆಯ ನೆನಪು. ಇಲಿ ಬಿದ್ದಿತೆಂದರೆ ಗಂಟುಮೂಟೆ ಕಟ್ಟಿ ಹೊಲದಲ್ಲಿಯೋ ತೋಪಿನಲ್ಲಿಯೋ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುವುದು. ಶಾಸ್ತ್ರದೃಷ್ಟಿಯಿಂದಲೂ ಅದು ಸರಿಯಾದ ಉಪಾಯವೇ; ಇಲಿಯನ್ನು ಬಿಟ್ಟು ಹೊರಟರೆ ಚಿಗಟವನ್ನೂ ಬಿಟ್ಟಂತೆ. ಆದರೆ ಊರು ಬಿಡಲು ಸ್ವಂತ ಹೊಲ ಬೇಕು, ಗಾಡಿ ಬೇಕು, ಕುಳಿತು ಉಣ್ಣಲು ಕಾಳು ಬೇಕು. ಮಂಡಿಯ ಮೂಟೆ ಹೊರುವ ಹಮಾಲನಿಗೆ ಮಂಡಿಯೇ ಅನ್ನ. ಧಾನ್ಯದ ಮಂಡಿಯೇ ಇಲಿಯ ಅರಮನೆ. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಈ ಕಾಲದಲ್ಲಿಯೇ ಬೆಳೆದವು. ಗಾಳಿ ಬೆಳಕುಗಳಿಂದ ಕೂಡಿದ ಅಗಲವಾದ ರಸ್ತೆಗಳು, ಮನೆಯ ಸುತ್ತಲೂ ಬಯಲು. ನಿವೇಶನ ಕೊಳ್ಳಬಲ್ಲವರು ಅಲ್ಲಿಗೆ ಹೋದರು. ಕೊಳ್ಳಲಾರದವರು ಪೇಟೆಯಲ್ಲಿಯೇ ಉಳಿದರು. ಪ್ಲೇಗು ಒಂದು ಕಾಲಕ್ಕೆ ಹೋಯಿತು. ಅದು ಎಳೆದ ಗೆರೆ ಉಳಿಯಿತು. ಮುಂದೆ ಸಂಸ್ಥಾನದ ಸಣ್ಣ ಪಟ್ಟಣಗಳು ಬೆಳೆದುದೂ ಇದೇ ಮಾದರಿಯಲ್ಲಿ.

ಕೆರೆಯ ಉಪಕಾರದೊಡನೆ ಅದರ ಅಪಾಯವನ್ನೂ ಹೇಳಬೇಕು. ನೀರಾವರಿ ಹೆಚ್ಚಿದಲ್ಲಿ ಚಳಿಜ್ವರವೂ ಹೆಚ್ಚುತ್ತಿತ್ತು. ಗದ್ದೆಯ ಬಯಲಿನ ಮಕ್ಕಳಲ್ಲಿ ಪ್ಲೀಹ ಊದಿಕೊಂಡ ಹೊಟ್ಟೆಯು ಸಾಮಾನ್ಯ ನೋಟವಾಗಿತ್ತು. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಾಯದಿಂದ ಮೈಸೂರು ಸರ್ಕಾರವು 1929ರಲ್ಲಿ ಮಂಡ್ಯದಲ್ಲಿ ಆರೋಗ್ಯಘಟಕವೊಂದನ್ನು ಆರಂಭಿಸಿತು. ಶಿಂಷೆಗೆ ಮಾರ್ಕೋನಹಳ್ಳಿಯಲ್ಲಿ ತಾನಾಗಿಯೇ ನೀರನ್ನು ಹೊರಹಾಕುವ ಸೈಫನ್ನುಗಳ ಅಣೆಕಟ್ಟು ಎದ್ದುದು ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದ ಯೋಜನೆ; ಇಂಜಿನಿಯರುಗಳಿಗೆ ಅದು ಇಂದಿಗೂ ಕೌತುಕದ ವಸ್ತು. 1953ರಲ್ಲಿ ದೇಶವ್ಯಾಪಿಯಾದ ಮಲೇರಿಯಾ ನಿಯಂತ್ರಣ ಕಾರ್ಯವು ಮೊದಲಾಗಿ ಡಿಡಿಟಿ ಸಿಂಪಡಿಸಿದ ಮೇಲೆ ಚಳಿಜ್ವರದ ಹಾವಳಿಯು ಬಹಳ ಮಟ್ಟಿಗೆ ಇಳಿಯಿತು.

ಕುಣಿಗಲ್ಲಿನ ಕುದುರೆಫಾರಮ್ಮಿನ ಮಾತು ಇಲ್ಲಿ ತಾನಾಗಿಯೇ ನೆನಪಾಗುತ್ತದೆ. ಟಿಪ್ಪುವಿನ ಕಾಲದಿಂದ ಅಶ್ವಸೈನ್ಯಕ್ಕಾಗಿ ಬೆಳೆದು ಬಂದ ಸಂಸ್ಥೆಯದು. ನಾನೂರಕ್ಕೂ ಮೀರಿದ ಎಕರೆ ನೆಲ, ಹುಲ್ಲುಗಾವಲು, ಹಳೆಯ ಮರಗಳು. ಕುದುರೆಗೆ ಅಳತೆಯ ಮೇವು, ಶುದ್ಧವಾದ ನೀರು, ವೈದ್ಯರ ಆರೈಕೆ. ಪ್ರಾಣಿಯ ಆರೋಗ್ಯವು ಸ್ಥಳ, ನೀರು, ಗಾಳಿಗಳನ್ನು ಅವಲಂಬಿಸಿದೆಯೆಂಬುದು ನಮ್ಮ ಆಳರಸರಿಗೆ ಚೆನ್ನಾಗಿ ತಿಳಿದಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ. 2024ರಲ್ಲಿ ಆ ನೆಲದಲ್ಲಿ ಉಪನಗರವನ್ನು ಕಟ್ಟುವ ಪ್ರಸ್ತಾಪವು ಕೇಳಿಬಂದಾಗ ಊರಿನ ಹಸುರನ್ನು ಕಳೆಯಬಾರದೆಂದು ಹಲವರು ವಿರೋಧಿಸಿದರು.

ಪಟ್ಟಣಗಳ ಶುಚಿತ್ವವನ್ನು ಕಾಪಾಡಿದವರು ಯಾರೆಂಬ ಪ್ರಶ್ನೆಗೆ ಪುರಸಭೆಯೆಂದು ಉತ್ತರ ಕೊಡುವುದು ರೂಢಿ. ಪುರಸಭೆಯೆಂದರೆ ಕಟ್ಟಡವಲ್ಲ, ಅಧ್ಯಕ್ಷರೂ ಅಲ್ಲ. ಬೆಳಗಿನ ಜಾವ ಹಿತ್ತಲಿನ ಸಂದಿಯಲ್ಲಿ ಬುಟ್ಟಿ ಹಿಡಿದು ಬರುತ್ತಿದ್ದ ಜಾಡಮಾಲಿ. ಮನೆಯವರ ಕಣ್ಣಿಗೆ ಬೀಳದಂತೆ ಕಕ್ಕಸನ್ನು ಬಳಿದು, ಮಲವನ್ನು ತಲೆಯ ಮೇಲೆ ಹೊತ್ತು ಊರಾಚೆಗೆ ಸಾಗಿಸುತ್ತಿದ್ದ ಈ ಜನರ ಆರೋಗ್ಯವನ್ನು ಊರಿನ ಆರೋಗ್ಯದ ಲೆಕ್ಕದಲ್ಲಿ ಯಾರೂ ಸೇರಿಸಲಿಲ್ಲ. ಊರನ್ನು ಶುಚಿಯಾಗಿಟ್ಟವರನ್ನೇ ಅಶುಚಿಗಳೆಂದು ಕರೆಯುವ ತರ್ಕವನ್ನು ಯಾವ ನೈಯಾಯಿಕನು ಸಮರ್ಥಿಸಿಯಾನು! 1970ರ ದಶಕದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಸಂಸತ್ತಿನ ಕಾನೂನು ಬಂದುದು 1993ರಲ್ಲಿ. ಚರಂಡಿಗುಂಡಿಗಳಿಗೆ ಮನುಷ್ಯನನ್ನಿಳಿಸುವುದನ್ನೂ ಸೇರಿಸಿ ಬಿಗಿಯಾದ ಕಾನೂನಾದುದು 2013ರಲ್ಲಿ. ಕಾನೂನು ಒಂದಾದ ಮೇಲೊಂದು ಬರಬೇಕಾಯಿತೆಂಬುದೇ ಮೊದಲನೆಯದು ಎಷ್ಟು ನಡೆಯಿತೆಂಬುದನ್ನು ತಿಳಿಸುತ್ತದೆ.

ಸ್ವಾತಂತ್ರ್ಯಾನಂತರ ತುಮಕೂರು ಬೆಳೆಯಿತು. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು, ಪುಣೆಯ ಹೆದ್ದಾರಿ, ಶಾಲಾಕಾಲೇಜುಗಳು, ಆಮೇಲೆ ವಸಂತನರಸಾಪುರದ ಕೈಗಾರಿಕೆಗಳು. ಜನರು ಬಂದರು, ಕೆರೆಯ ನೀರು ಸಾಲದಾಯಿತು. ಕೊಳವೆಬಾವಿಗಳನ್ನು ಕೊರೆದರು. ಆಳಕ್ಕಿಳಿದಷ್ಟೂ ಕಲ್ಲಿನ ನಡುವಿನ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚುವ ಭಯವಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮು ಮೀರಿದರೆ ಹಲ್ಲು ಕಂದುವುದು, ಇನ್ನೂ ಹೆಚ್ಚಾದರೆ ಮೂಳೆ ಬಾಗುವುದು. ಜಿಲ್ಲೆಯ ಪಾವಗಡ, ಮಧುಗಿರಿ, ಸಿರಾ ಸೀಮೆಗಳು ಈ ಕೇಡಿಗೆ ಹೆಸರಾದುವು. ಈಗ ಊರೂರಿನಲ್ಲಿ ಶುದ್ಧನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ ಕ್ಯಾನು ತುಂಬುವುದು. ಬಾವಿಯ ಬಳಿ ಜಾತಿಯನ್ನು ಕೇಳುತ್ತಿದ್ದರು. ಯಂತ್ರವು ನಾಣ್ಯವನ್ನು ಮಾತ್ರ ಕೇಳುತ್ತದೆ. ಇದು ಮುನ್ನಡೆಯಲ್ಲವೆನ್ನಲಾಗದು, ಆದರೆ ದಿನವೂ ಹಾಕಬೇಕಾದ ನಾಣ್ಯವು ಎಲ್ಲ ಮನೆಗಳಲ್ಲಿಯೂ ಒಂದೇ ತೂಕದ್ದಲ್ಲ.

ಕಾವೇರಿಯ ಉಪನದಿಯಾದ ಹೇಮಾವತಿಗೆ ಹಾಸನ ಜಿಲ್ಲೆಯ ಗೊರೂರಿನಲ್ಲಿ ಕಟ್ಟಿದ ಅಣೆಯು 1979ರಲ್ಲಿ ಪೂರ್ಣವಾಯಿತು. ಅದರ ನಾಲೆಯು ತುಮಕೂರು ಜಿಲ್ಲೆಗೂ ಬಂದಿತು. ಆ ನೀರನ್ನು ಬುಗುಡನಹಳ್ಳಿಯ ಕೆರೆಯಲ್ಲಿ ಶೇಖರಿಸಿ, ಶುದ್ಧಿಮಾಡಿ ತುಮಕೂರು ನಗರಕ್ಕೆ ಕೊಡುತ್ತಾರೆ. ನೀರು ಬೆಟ್ಟದಿಂದಿಳಿದು ಊರಿಗೆ ಬರುತ್ತಿದ್ದ ಕಾಲ ಹೋಗಿ, ಬೇರೊಂದು ಜಿಲ್ಲೆಯಿಂದ ಬರುವ ಕಾಲ ಬಂದಿತು. ದೂರದಿಂದ ಬರುವ ನೀರು ದಿನವೂ ಬಾರದು. ನಲ್ಲಿಯಲ್ಲಿ ಕೆಲವು ದಿನಗಳಿಗೊಮ್ಮೆ ನೀರು ಬಂದರೆ, ನೆಲದಡಿ ತೊಟ್ಟಿಯಿರುವ ಮನೆಯವರು ಮುಚ್ಚಿಟ್ಟುಕೊಳ್ಳುತ್ತಾರೆ. ಒಂದು ಕೋಣೆಯ ಬಾಡಿಗೆಯ ಮನೆಯವರು ಡ್ರಮ್ಮುಗಳಲ್ಲಿಯೂ ಬಕೆಟ್ಟುಗಳಲ್ಲಿಯೂ ತೆರೆದಿಡುತ್ತಾರೆ. ಡೆಂಗೀಜ್ವರದ ಸೊಳ್ಳೆಯು ಕೊಚ್ಚೆಯಲ್ಲಿ ಹುಟ್ಟುವುದಲ್ಲ. ಇಂತಹ ತಿಳಿಯಾದ ನಿಂತ ನೀರಿನಲ್ಲಿಯೇ ಮೊಟ್ಟೆಯಿಡುವುದು. ಹಗಲಿನಲ್ಲಿ ಕಚ್ಚುವುದು. ನಲ್ಲಿಯ ವ್ಯವಸ್ಥೆಯಲ್ಲಿನ ಕೊರತೆಯು ಹೀಗೆ ಕೂಸಿನ ಮೈಯಲ್ಲಿ ಜ್ವರವಾಗಿ ಕಾಣಿಸಿಕೊಳ್ಳುತ್ತದೆ. ಆಮೇಲೆ ಬಂದು ನೋಡುವವರು ಡ್ರಮ್ಮನ್ನು ಮುಚ್ಚಿಲ್ಲವೆಂದು ತಾಯಿಯನ್ನು ಆಕ್ಷೇಪಿಸುತ್ತಾರೆ.

ಬಂದ ನೀರು ಹೊರಗೂ ಹೋಗಬೇಕಷ್ಟೆ. ತುಮಕೂರಿನ ಒಳಚರಂಡಿಯ ನೀರು ಭೀಮಸಂದ್ರದ ಶುದ್ಧೀಕರಣಘಟಕದ ಕಡೆಗೆ ಹೋಗುತ್ತದೆ. ಅಲ್ಲಿಯ ಕೆರೆ ಕೆಟ್ಟುಹೋಯಿತೆಂದು ಸುತ್ತಲಿನ ಹಳ್ಳಿಗರು ದೂರಿದರು. ನಗರದ ಕಸವನ್ನು ಸಾಗಿಸಿದುದು ಅಜ್ಜಗೊಂಡನಹಳ್ಳಿಗೆ, ಅಲ್ಲಿಯವರೂ ವಿರೋಧಿಸಿದರು. ಊರಾಚೆಯ ತಗ್ಗಿನ ಕೇರಿಗೆ ಇಳಿಯುತ್ತಿದ್ದ ಬಚ್ಚಲುನೀರು ಈಗ ಊರಾಚೆಯ ಗ್ರಾಮಕ್ಕೆ ಇಳಿಯುತ್ತಿದೆ, ಕೇರಿಯ ಎಲ್ಲೆ ದೊಡ್ಡದಾಗಿದೆ ಎಂದರೆ ಅತ್ಯುಕ್ತಿಯಾಗದು. 2016ರಲ್ಲಿ ಕೇಂದ್ರಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಗೆ ತುಮಕೂರು ಆಯ್ಕೆಯಾಯಿತು. ಆ ಯೋಜನೆಯ ರೀತಿಯಂತೆ ನಗರದ ಒಂದು ಭಾಗವನ್ನು ಆರಿಸಿಕೊಂಡು ಅಲ್ಲಿ ಹೆಚ್ಚಾಗಿ ವೆಚ್ಚಮಾಡುವುದು. ಅಗಲವಾದ ಕಾಲುದಾರಿಗಳು, ಉದ್ಯಾನಗಳು ಬಂದವು. ಆರಿಸಿಕೊಳ್ಳದ ಭಾಗವೆಂಬುದೂ ಪ್ರತಿಯೊಂದು ನಗರದಲ್ಲಿಯೂ ಇರುತ್ತದೆ.

ಆರೋಗ್ಯವ್ಯವಸ್ಥೆಯನ್ನು ಕುರಿತು ಈ ಜಿಲ್ಲೆಯಲ್ಲಿ ನಡೆದ ಸಂಶೋಧನೆಗಳಲ್ಲಿ ಒಂದನ್ನು ಹೇಳುವುದು ಯುಕ್ತ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಎಂಬ ಸಂಸ್ಥೆಯವರು 2009ರಲ್ಲಿ ಆರಂಭಿಸಿ ತುಮಕೂರು ಜಿಲ್ಲೆಯ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಯೋಜನೆ ಮತ್ತು ಆಡಳಿತಗಳ ಶಿಕ್ಷಣವನ್ನು ಕೊಟ್ಟು, ಅದರ ಫಲವನ್ನು ಪರೀಕ್ಷಿಸಿದರು. ಒಂದೇ ಪಾಠ, ಒಂದೇ ಗುರುಗಳು. ಆದರೂ ಒಂದು ತಾಲ್ಲೂಕಿನಲ್ಲಿ ಫಲಿಸಿದುದು ಇನ್ನೊಂದರಲ್ಲಿ ಫಲಿಸಲಿಲ್ಲ. ಅಧಿಕಾರಿಯ ಉತ್ಸಾಹ, ಮೇಲಿನವರ ಬೆಂಬಲ, ತೀರ್ಮಾನಿಸುವ ಸ್ವಾತಂತ್ರ್ಯ ಇವು ಕೂಡಿಬಂದಲ್ಲಿ ಮಾತ್ರ ಕೆಲಸ ನಡೆಯಿತೆಂದು ಅವರು ಕಂಡುಕೊಂಡರು. ಪಾಠಶಾಲೆಗಳನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ; ಆದರೆ ಜಿಲ್ಲೆಯ ಸರಾಸರಿಯನ್ನು ನೋಡಿ ತೃಪ್ತಿಪಡುವವರು ಇದನ್ನು ಮತ್ತೊಮ್ಮೆ ಓದಬೇಕು.

ಈಗ ಮೂರು ಪಟ್ಟಣಗಳನ್ನೂ ಒಂದೇ ದಾರದಲ್ಲಿ ಕಟ್ಟಿರುವುದು ಹೇಮಾವತಿಯ ನಾಲೆ. ನಾಲೆಯು ಗುಬ್ಬಿ, ತುಮಕೂರು ಸೀಮೆಗಳನ್ನು ದಾಟಿ ಕುಣಿಗಲ್ಲನ್ನು ಮುಟ್ಟುವಷ್ಟರಲ್ಲಿ ಬಾಲಕ್ಕೆ ಬಂದಿರುತ್ತದೆ. ಬಾಲದವರಿಗೆ ಪಾಲು ಸಾಲದೆಂಬುದು ಕುಣಿಗಲ್ಲಿನವರ ಬಹುಕಾಲದ ದೂರು. ಅದನ್ನು ನೀಗಿಸಲು ಮೇಲ್ಭಾಗದಲ್ಲಿಯೇ ನೀರನ್ನು ತಿರುಗಿಸಿ ಕೊಳವೆಯ ಮೂಲಕ ನೇರವಾಗಿ ಕುಣಿಗಲ್ಲಿಗೂ ಅಲ್ಲಿಂದ ಮಾಗಡಿಯ ಕಡೆಗೂ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಯೋಜನೆ ಹೊರಟಿತು. ಹಾಗಾದರೆ ತಮ್ಮ ಕೆರೆಗಳಿಗೆ ನೀರು ನಿಲ್ಲುವುದೆಂದು ಗುಬ್ಬಿ, ತುಮಕೂರುಗಳ ರೈತರು 2024ರಲ್ಲಿಯೂ 2025ರಲ್ಲಿಯೂ ಧರಣಿ ಕುಳಿತರು, ಕಾಮಗಾರಿಯನ್ನು ತಡೆದರು. ಎರಡು ಕಡೆಯ ಮಾತಿನಲ್ಲಿಯೂ ಸತ್ಯವಿದೆ. ಬಾಲದಲ್ಲಿರುವವನ ಬಾಯಾರಿಕೆಯೂ ನಿಜ. ನಡುವಿನವನ ಭಯವೂ ನಿಜ. ಹಿಂದಿನ ಕೆರೆಗಳಲ್ಲಿ ತೂಬನ್ನೆತ್ತಿ ನೀರು ಬಿಡುವ ನೀರುಗಂಟಿಯೆಂಬವನಿದ್ದನು. ಅವನು ಎಲ್ಲರಿಗೂ ನ್ಯಾಯವನ್ನೇ ಮಾಡಿದನೆಂದಲ್ಲ. ಆದರೆ ಬೆಳಗಾದರೆ ಗದ್ದೆಯ ಬದುವಿನ ಮೇಲೆ ಅವನು ಸಿಗುತ್ತಿದ್ದನು, ಹೋಗಿ ಕೇಳಬಹುದಾಗಿತ್ತು. ಗೊರೂರಿನಿಂದ ಹರಿದುಬರುವ ನೀರಿನ ಪಾಲನ್ನು ಬೆಂಗಳೂರಿನಲ್ಲಿ ಗೊತ್ತುಮಾಡುತ್ತಾರೆ.